ಮೊದಲ ಆಯ್ಕೆ ಬಿಟ್ಟುಕೊಟ್ಟು ಉಳಿಸಿಕೊಂಡ ನೀಲಿ ಗೆರೆ

ಮೇ ತಿಂಗಳ ಒಂದು ಶನಿವಾರ, ಬೆಳಗಿನ ಐದೂವರೆ. ನಮ್ಮ ಕಡೆಯಾದರೆ ಇನ್ನೂ ನಸುಕು ಎನ್ನುತ್ತಿದ್ದೆವು. ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ಸೂರ್ಯ ಡ್ಯೂಟಿಗೆ ಹಾಜರಾಗಿ ಆಗಲೇ ಒಂದು ಗಂಟೆಯ ಮೇಲಾಗಿದೆ. ಊರಂಚಿನ ಆಟದ ಬಯಲಿನಲ್ಲಿ ಇಂದುಮತಿ ಒಬ್ಬರೇ ಇದ್ದಾರೆ. ಮೊಣಕಾಲಿನವರೆಗಿನ ರಬ್ಬರ್ ಬೂಟು, ಮೈಮೇಲೆ ಹಳದಿ ಜಾಕೆಟ್ಟು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಉದ್ದ ಹಿಡಿಯ ಸಲಿಕೆ. ರಾತ್ರಿಯಿಡೀ ಹುಲ್ಲಿನ ಮೇಲೆ ಬೀಡುಬಿಟ್ಟಿದ್ದ ಹೆಬ್ಬಾತುಗಳು ಹಾಕಿಹೋದ ಹಿಕ್ಕೆಯನ್ನು ಎತ್ತುವುದು ಅವರ ದಿನದ ಮೊದಲ ಕೆಲಸ. ಇವತ್ತಿನದು ಎರಡು ಬಕೆಟ್ಟು. ಕಳೆದ ವಾರ ಮೂರಾಗಿತ್ತು. ಹಾಗಾಗಿ ಅವರು ಒಳ್ಳೆಯ ಮೂಡಿನಲ್ಲಿದ್ದಾರೆ.

ನಿಜವಾದ ಕೆಲಸ ಶುರುವಾಗುವುದು ಇದಾದ ಮೇಲೆ. ಬಯಲಿನಲ್ಲಿ ಪಕ್ಕಪಕ್ಕದಲ್ಲೇ ಎರಡು ಫುಟ್‌ಬಾಲ್ ಮೈದಾನಗಳಿವೆ. ಎರಡಕ್ಕೂ ಬಿಳಿ ಗೆರೆ ಇದೆ. ಮಧ್ಯಾಹ್ನ ಹನ್ನೆರಡರೊಳಗೆ ಇಂದುಮತಿ ಈ ಎರಡನ್ನೂ ಸೇರಿಸಿ, ಅವುಗಳ ಮೇಲೆ ನೂರ ಮೂವತ್ತು ಮೀಟರ್ ಉದ್ದ, ನೂರು ಮೀಟರ್ ಅಗಲದ ದೊಡ್ಡ ಮೊಟ್ಟೆಯಾಕಾರವನ್ನು ನೀಲಿ ಬಣ್ಣದಲ್ಲಿ ಬಿಡಿಸಬೇಕು. ಎರಡು ತುದಿಗೂ ನಾಲ್ಕು ನಾಲ್ಕು ಕಂಬ ನಿಲ್ಲಿಸಬೇಕು. ಆಸ್ಟ್ರೇಲಿಯಾದವರ ಫುಟ್‌ಬಾಲಿಗೆ ಅಂಥ ಮೈದಾನವೇ ಬೇಕು. ಸಂಜೆ ಆಟ ಮುಗಿದೊಡನೆ ಕಂಬ ಕಿತ್ತು, ನೀರು ಬಿಟ್ಟು ಬಣ್ಣ ತೊಳೆಯಬೇಕು. ಭಾನುವಾರ ಬೆಳಿಗ್ಗೆ ಶಾಲೆಯ ಹುಡುಗಿಯರ ಫುಟ್‌ಬಾಲಿಗೆ ಬಯಲು ಮೊದಲಿನಂತೆ ಸಿಗಬೇಕು. ಇಂದುಮತಿಯವರ ಕೈಕೆಲಸಕ್ಕೆ ಇರುವ ಆಯುಸ್ಸು ಒಂದೇ ಹಗಲು. ವರ್ಷಕ್ಕೆ ಹದಿನಾಲ್ಕು ಸಲ ಅದನ್ನು ಹೊಸದಾಗಿ ಹುಟ್ಟಿಸಬೇಕು.

ಅವರು ಗೆರೆ ಹಾಕುವುದನ್ನು ನೋಡಬೇಕು. ಬಯಲಿನ ನಡುವೆ ಒಂದು ನೇರ ಹಗ್ಗ ಎಳೆಯುತ್ತಾರೆ. ಹತ್ತು ಹತ್ತು ಮೀಟರಿಗೆ ನಿಂತು, ಹಗ್ಗದ ಎಡಕ್ಕೂ ಬಲಕ್ಕೂ ಟೇಪು ಹಿಡಿದು ಅಳೆದು, ಅಳತೆ ಮುಗಿದಲ್ಲಿ ಒಂದು ಗೂಟ ಹೊಡೆಯುತ್ತಾರೆ. ಪ್ರತಿ ಗೂಟಕ್ಕೂ ಅಳತೆ ಬೇರೆ. ಎಲ್ಲವೂ ಅವರಿಗೆ ಬಾಯಿಪಾಠ. ತುದಿಯ ಎರಡೂ ಸೇರಿ ಒಟ್ಟು ಇಪ್ಪತ್ತಾರು ಗೂಟ. ಆಮೇಲೆ ಗೂಟದಿಂದ ಗೂಟಕ್ಕೆ ಕಣ್ಣಳತೆಯಲ್ಲೇ ಬಾಗಿಸುತ್ತ ಬಣ್ಣದ ಗಾಡಿ ತಳ್ಳುತ್ತಾರೆ. ಮುನ್ನೂರ ಅರವತ್ತಕ್ಕೂ ಹೆಚ್ಚು ಮೀಟರಿನ ಗೆರೆ ಸುತ್ತಿ ಬಂದು, ಹೊರಟ ಜಾಗವನ್ನೇ ಕೂಡಿಕೊಳ್ಳುತ್ತದೆ. ಕೂಡುವ ಜಾಗದಲ್ಲಿ ಒಂದು ಬೆರಳಿನಷ್ಟು ಹೆಚ್ಚುಕಮ್ಮಿಯಾದರೂ ಅವರಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಕರ್ನಾಟಕದ ಹೆಂಗಸು, ಗೆರೆ ಎಳೆಯುವ ಕೆಲಸ ಎಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಆ ಪ್ರಶ್ನೆ ಕೇಳಿ ಕೇಳಿ ಅವರಿಗೆ ಸಾಕಾಗಿದೆ.

"ರಂಗೋಲಿ ಅಭ್ಯಾಸ ಇತ್ತಾ ಅಂತ ಕೇಳ್ತಾರೆ. ನಂಗೆ ನೆಟ್ಟಗೆ ಒಂದು ಚುಕ್ಕಿ ರಂಗೋಲಿ ಬರಲ್ಲ, ನಮ್ಮತ್ತೆಯನ್ನ ಕೇಳಿ ಬೇಕಾದ್ರೆ. ಇದು ಪಾಲಿಟೆಕ್ನಿಕ್ಕಿಂದ ಬಂದದ್ದು. ಸಿವಿಲ್ ಡಿಪ್ಲೊಮಾ, ಫಸ್ಟ್ ಕ್ಲಾಸ್."

ಇಂದುಮತಿಯವರ ತವರು ಬೈಂದೂರು. ವಯಸ್ಸು ನಲವತ್ತೊಂಬತ್ತು. ಕಾರವಾರದಲ್ಲಿ ಡಿಪ್ಲೊಮಾ ಮುಗಿಸಿ, ಕರಾವಳಿಗೆ ರೈಲು ಬರುವ ಕಾಲದಲ್ಲಿ ಒಬ್ಬ ಕಂಟ್ರಾಕ್ಟರರ ಸರ್ವೆ ತಂಡ ಸೇರಿದರು. ಹಳಿ ಎಲ್ಲಿ ತಿರುಗಬೇಕೋ ಅಲ್ಲಿ ಅಳೆದು ಗೂಟ ಹೊಡೆಯುವುದು ಅವರ ಪಾಲಿನ ಕೆಲಸ. ನಾಲ್ಕು ವರ್ಷ ಗುಡ್ಡ ಹತ್ತಿ, ಗದ್ದೆ ಇಳಿದು ತಿರುವುಗಳನ್ನು ಅಳೆದರು. ಮದುವೆಯಾಯಿತು. ಗಂಡ ಭಾಸ್ಕರ ಅವರಿಗೆ ಸೋಡರ್‌ಟೆಲ್ಯೆಯ ಟ್ರಕ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ತಪಾಸಣೆಯ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿಯಲ್ಲಿ, ಕೈಯಲ್ಲಿ ಪುಟ್ಟ ಮಗಳು ಇಳಾಳನ್ನೂ ಸೂಟ್‌ಕೇಸಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಡಿಪ್ಲೊಮಾವನ್ನೂ ಹಿಡಿದು ಇಂದುಮತಿ ಇಲ್ಲಿ ಬಂದಿಳಿದರು.

ಸ್ವೀಡನ್ನು ಮಗಳನ್ನು ಪ್ರೀತಿಯಿಂದ ಬರಮಾಡಿಕೊಂಡಿತು. ಡಿಪ್ಲೊಮಾವನ್ನು ಮಾತ್ರ ತಿರುಗಿಯೂ ನೋಡಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದದ್ದೇ ಬಂತು. ಮಕ್ಕಳನ್ನು ನೋಡಿಕೊಳ್ಳುವ ದಾಗಿಸ್‌ನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದರು. ಪಾರ್ಕುಗಳಲ್ಲಿ ಎಲೆ ಗುಡಿಸಿದರು. ಕೊನೆಗೆ ಎರಡು ಸಾವಿರದ ಒಂಬತ್ತರಲ್ಲಿ ಕೊಮ್ಯೂನ್‌ನಲ್ಲಿ, ಎಂದರೆ ನಮ್ಮ ನಗರಸಭೆಯಂಥ ಕಚೇರಿಯಲ್ಲಿ, ಆಟದ ಮೈದಾನ ನೋಡಿಕೊಳ್ಳುವ ಕಾಯಂ ಕೆಲಸ ಸಿಕ್ಕಿತು. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ದೂರು ಇಲ್ಲ. ಹೊರಗೆ ನಿಂತು ಮಾಡುವ ಕೆಲಸ ಸಿಕ್ಕಿತಲ್ಲ, ಅಷ್ಟು ಸಾಕು ಎಂದುಕೊಂಡಿದ್ದರಂತೆ.

ಎರಡು ಸಾವಿರದ ಹನ್ನೆರಡರ ವಸಂತದಲ್ಲಿ ಒಂದು ವಿಚಿತ್ರ ಅರ್ಜಿ ಬಂತು. ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುವ ನಾಲ್ಕು ಹವ್ಯಾಸಿ ಕ್ಲಬ್ಬುಗಳು ಸೇರಿ ಒಂದು ಲೀಗ್ ಕಟ್ಟಿವೆ, ಅವಕ್ಕೊಂದು ಕೇಂದ್ರ ಮೈದಾನ ಬೇಕು ಎಂದು. ಸ್ಟಾಕ್‌ಹೋಮ್, ಉಪ್ಸಾಲಾ, ನಾರ್‌ಶಾಪಿಂಗ್, ಮತ್ತೆ ಈ ಊರಿನದೇ ಒಂದು. ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಚೆಂಡು ಉದ್ದುದ್ದ. ಕೈಯಲ್ಲಿ ಹಿಡಿಯಲೂಬಹುದು, ಕಾಲಿನಿಂದ ಒದೆಯಲೂಬಹುದು. ಎತ್ತರದ ಚೆಂಡು ಹಿಡಿಯಲು ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹತ್ತಿದರೂ ನಡೆಯುತ್ತದೆ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು. ಮೊದಲ ಸಲ ನೋಡುವವರಿಗೆ ಓಡಿಹೋಗಿ ಜಗಳ ಬಿಡಿಸೋಣ ಎನ್ನಿಸುತ್ತದೆ. ಆಸ್ಟ್ರೇಲಿಯಾದಲ್ಲಿ ತಂಡಕ್ಕೆ ಹದಿನೆಂಟು ಜನ. ಇಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು, ಹನ್ನೆರಡಕ್ಕೇ ಸಮಾಧಾನ.

ಅರ್ಜಿಯ ಜೊತೆಗಿದ್ದ ನಕ್ಷೆ ನೋಡಿ ಉಳಿದ ಕೆಲಸಗಾರರು ಕೈಚೆಲ್ಲಿದರು. ಇಷ್ಟು ದೊಡ್ಡ ಬಾಗು ಗೆರೆಯನ್ನು ಯಾರು ಹಾಕುತ್ತಾರೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂದುಮತಿ ನಕ್ಷೆಯನ್ನು ಮನೆಗೆ ಒಯ್ದರು. ಊಟದ ಮೇಜಿನ ಮೇಲೆ ಹರಡಿ, ಹದಿನೇಳು ವರ್ಷಗಳಿಂದ ಮುಟ್ಟದ ಲೆಕ್ಕವನ್ನು ಮತ್ತೆ ಮಾಡಿದರು. ಅದೇ ರೈಲಿನ ತಿರುವು, ಆದರೆ ಈ ರೈಲು ಎಲ್ಲಿಗೂ ಹೋಗುವುದಿಲ್ಲ ಎಂದು ಭಾಸ್ಕರ ಅವರು ಆಗ ತಮಾಷೆ ಮಾಡಿದ್ದನ್ನು ಈಗಲೂ ನೆನೆದು ನಗುತ್ತಾರೆ.

ಆ ಮೊದಲ ಸಲವೇ ಒಂದು ಎಡವಟ್ಟು ಮಾಡಿದರು. ಒಂದರ ಮೇಲೊಂದು ಗೆರೆ ಇರುವುದನ್ನು ಸರ್ವೆಯವರ ಕಣ್ಣು ಸಹಿಸುವುದಿಲ್ಲ. ನೀಲಿ ಗೆರೆ ಎಷ್ಟು ಚಂದ ಬಂದಿದೆ, ಈ ಬಿಳಿ ಗೆರೆಗಳು ಅಡ್ಡ ಬರುತ್ತಿವೆಯಲ್ಲ ಎನ್ನಿಸಿ, ಫುಟ್‌ಬಾಲ್ ಮೈದಾನದ ಬಿಳಿ ಗೆರೆಗಳ ಮೇಲೆ ಹಸಿರು ಬಣ್ಣ ಹೊಡೆದುಬಿಟ್ಟರು. ನೀಲಿಯೇನೋ ಸಂಜೆ ನೀರಿಗೆ ಹೋಯಿತು. ಹಸಿರು ಹೋಗುವ ಜಾತಿಯದಲ್ಲ. ಮರುದಿನ ಶಾಲೆಯ ಹುಡುಗಿಯರು ಬಂದು ನೋಡಿದರೆ ಮೈದಾನಕ್ಕೆ ಮೂಲೆಯೇ ಇಲ್ಲ. ಸುದ್ದಿ ಮುಟ್ಟಿದ ಇಂದುಮತಿ ಮನೆಯಿಂದ ಓಡಿ ಬಂದು, ಎರಡೂ ಮೈದಾನಕ್ಕೆ ಹೊಸದಾಗಿ ಬಿಳಿ ಗೆರೆ ಹಾಕಿಕೊಟ್ಟರು. ಯಾರೂ ಬೈಯಲಿಲ್ಲ. ಕೋಚ್ ಒಂದು ಲೋಟ ಕಾಫಿ ತಂದುಕೊಟ್ಟಳು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ ಎನ್ನುತ್ತಾರೆ.

ಗೆರೆ ಸರಿ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಟಗಾರರು ಅದನ್ನು ತುಳಿದು ಓಡುತ್ತಾರೆ, ಅಷ್ಟೆ. ಹಾಕಿದವರು ಯಾರೆಂದು ಕೇಳುವವರು ಯಾರು? ಮೊದಮೊದಲು ಕೇಳಿದವನು ಒಬ್ಬನೇ, ಡೆರಿಕ್. ಸೋಡರ್‌ಟೆಲ್ಯೆ ಕ್ಲಬ್ಬಿನ ನಾಯಕ, ಟ್ರಕ್ ಕಾರ್ಖಾನೆಯಲ್ಲಿ ಎಂಜಿನಿಯರ್. ಉಡುಪಿ ಕಡೆಯಿಂದ ಬಂದ ಹೆನ್ರಿ ಮತ್ತು ಮಾರ್ಗರೆಟ್ ದಂಪತಿಯ ಮಗ, ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲಿ ಕೊಂಕಣಿ, ಹೊರಗೆ ಸ್ವೀಡಿಷ್, ಇಂದುಮತಿಯವರ ಜೊತೆ ಮಾತ್ರ ಎಡವುತ್ತ ಏಳುತ್ತ ಕನ್ನಡ.

ಡ್ರೆಸಿಂಗ್ ರೂಮಿನ ಬೀಗದ ಕೈ ಇಂದುಮತಿಯವರ ಬಳಿ ಇರುತ್ತದೆ. ಬೇಕಾದವರು ಪುಸ್ತಕದಲ್ಲಿ ಹೆಸರು, ಕ್ಲಬ್ಬು ಬರೆದು ಒಯ್ಯಬೇಕು, ಅದು ಕೊಮ್ಯೂನ್ ನಿಯಮ. ಆ ಪುಸ್ತಕಗಳನ್ನು ಅವರು ಒಂದನ್ನೂ ಬಿಸಾಡಿಲ್ಲ. ಹೀಗಾಗಿ ಲೀಗಿಗೆ ಯಾರು ಬಂದರು, ಯಾರು ಹೋದರು, ಯಾರು ಮಳೆಯಲ್ಲೂ ಬಂದರು ಎಂಬುದಕ್ಕೆ ಈ ಊರಿನಲ್ಲಿ ಅವರೇ ಅಧಿಕೃತ ದಾಖಲೆ. ಇದು ಯಾಕೆ ಮುಖ್ಯ ಎಂದರೆ, ಅದರಲ್ಲಿ ಡ್ರಾಫ್ಟಿನ ಗುಟ್ಟಿದೆ.

ಡ್ರಾಫ್ಟ್ ಎಂದರೆ ಹೊಸ ಆಟಗಾರರನ್ನು ಹಂಚಿಕೊಳ್ಳುವ ಪದ್ಧತಿ. ನಮ್ಮ ಕ್ರಿಕೆಟ್ಟಿನ ಹರಾಜಿನಂತಲ್ಲ, ಇಲ್ಲಿ ದುಡ್ಡಿನ ಮಾತೇ ಇಲ್ಲ, ಬರೀ ಸರತಿ. ಪ್ರತಿ ಏಪ್ರಿಲಿನಲ್ಲಿ ಹೊಸಬರೆಲ್ಲ ಇಂದುಮತಿಯವರ ಮೈದಾನಕ್ಕೆ ಬಂದು ಓಡಿ, ಒದ್ದು ತೋರಿಸುತ್ತಾರೆ. ಆಮೇಲೆ ನಾಲ್ಕು ಕ್ಲಬ್ಬಿನವರು ಕ್ಲಬ್ ಮನೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಕೂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ. ಬಡವರಿಗೆ ಮೊದಲ ಪಂಕ್ತಿ, ಆಗಲೇ ಆಟ ಉಳಿಯುತ್ತದೆ ಎಂಬ ಲೆಕ್ಕ. ತನ್ನ ಸರತಿಯನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಇನ್ನೇನಾದರೂ ಪಡೆಯಲೂ ಅವಕಾಶವಿದೆ. ಆಸ್ಟ್ರೇಲಿಯಾದಲ್ಲಿ ಮೊದಲ ಆಯ್ಕೆಯ ಬೆಲೆ ಎಷ್ಟು, ಎರಡನೆಯದಕ್ಕೆ ಎಷ್ಟು ಎಂದು ಕೋಷ್ಟಕ ಹಾಕಿ ತಲೆ ಕೆಡಿಸಿಕೊಳ್ಳುವವರೇ ಇದ್ದಾರಂತೆ.

ಇಂದುಮತಿಯವರದು ಕೋಷ್ಟಕವಲ್ಲ, ಬೀಗದ ಕೈ ಪುಸ್ತಕ. ಅವರ ಪ್ರಕಾರ ಮೊದಲ ಆಯ್ಕೆಯೆಂದರೆ ಬಂದಷ್ಟೇ ಬೇಗ ಹೋಗುವ ನೆಂಟ. "ಐದು ವರ್ಷದಲ್ಲಿ ಮೊದಲು ಆರಿಸಿದ ಐದು ಜನದಲ್ಲಿ ಈಗ ಇರೋದು ಇಬ್ರೇ. ಕೊನೆಗೆ, ಯಾರೂ ಬೇಡ ಅಂದು ಉಳಿದವರು ಐದು ಜನ ಇದ್ರಲ್ಲ, ಅವರಲ್ಲಿ ನಾಲ್ಕು ಜನ ಈಗ್ಲೂ ಕೀ ತಗೊಂಡು ಹೋಗ್ತಾರೆ. ಪುಸ್ತಕ ನೋಡಿ, ನಾನು ಹೇಳೋದಲ್ಲ" ಎನ್ನುತ್ತಾರೆ. ಚೆನ್ನಾಗಿ ಆಡುವವರು ಸಾಮಾನ್ಯವಾಗಿ ಆಸ್ಟ್ರೇಲಿಯಾದಿಂದ ಒಂದೆರಡು ವರ್ಷದ ಕೆಲಸಕ್ಕೆ ಬಂದವರು. ವೀಸಾ ಮುಗಿದೊಡನೆ ಗಂಟುಮೂಟೆ ಕಟ್ಟುತ್ತಾರೆ.

ಅದೇ ಮೊದಲ ಆಯ್ಕೆ ಒಂದು ವರ್ಷ ಇಂದುಮತಿಯವರ ಬದುಕಿಗೇ ಬಂದು ತಗುಲಿಕೊಂಡಿತು.

ಎರಡು ಸಾವಿರದ ಹದಿನಾರರ ಚಳಿಗಾಲದ ಕೊನೆ. ಕೇಂದ್ರ ಮೈದಾನವನ್ನು ತಮ್ಮ ಊರಿಗೆ ಬದಲಾಯಿಸಬೇಕೆಂದು ಸ್ಟಾಕ್‌ಹೋಮ್ ಕ್ಲಬ್ ಕೇಳಿತು. ತಪ್ಪೇನಿಲ್ಲ, ಅರ್ಧಕ್ಕರ್ಧ ಆಟಗಾರರು ಇರುವುದು ಅಲ್ಲೇ. ಉಪ್ಸಾಲಾ ಅವರ ಕಡೆ, ನಾರ್‌ಶಾಪಿಂಗ್ ಈ ಕಡೆ. ಎರಡಕ್ಕೆ ಎರಡು. ಇತ್ತ ಕೊಮ್ಯೂನ್ ಒಂದು ಸೂಚನೆ ಹಚ್ಚಿತು: ಲೀಗ್ ಹೋಗುವುದಾದರೆ ಎರಡೂ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಲಾಗುವುದು. ಪ್ಲಾಸ್ಟಿಕ್ ಹುಲ್ಲಿಗೆ ಗೆರೆ ಹಾಕುವ ಕೆಲಸವಿಲ್ಲ, ಗೆರೆ ಹುಲ್ಲಿನಲ್ಲೇ ನೇಯ್ದು ಬರುತ್ತದೆ. ಇಂದುಮತಿಯವರನ್ನು ಮಂಜುಗಡ್ಡೆಯ ಮೇಲೆ ಜಾರಾಡುವ ಒಳಾಂಗಣದ ಕೌಂಟರಿಗೆ, ಸ್ಕೇಟಿಂಗ್ ಬೂಟು ಕೊಟ್ಟು ತೆಗೆದುಕೊಳ್ಳುವ ಜಾಗಕ್ಕೆ ಹಾಕುತ್ತಾರೆಂದು ಮ್ಯಾನೇಜರ್ ಬಹಳ ಮೆತ್ತಗೆ ತಿಳಿಸಿದರು. ಸ್ವೀಡನ್ನಿನಲ್ಲಿ ಹಾಗೆಲ್ಲ ನೌಕರಿ ಹೋಗುವುದಿಲ್ಲ. ಹೋಗುವುದು ಗೆರೆ ಹಾಕುವ ಈ ಕೆಲಸ. ಇಂದುಮತಿ ಯಾರ ಬಳಿಯೂ ತುಟಿ ಬಿಚ್ಚಲಿಲ್ಲ. ರಾತ್ರಿ ಭಾಸ್ಕರ ಅವರ ಹತ್ತಿರ ಮಾತ್ರ, ಇನ್ನು ಮೇಲೆ ಬೂಟಿನ ನಂಬರು ಎಣಿಸಿಕೊಂಡು ಕೂರಬೇಕು ಎಂದರಂತೆ. ಡೆರಿಕ್‌ಗೆ ವಿಷಯ ಮುಟ್ಟಿದ್ದು ಭಾಸ್ಕರ ಅವರಿಂದಲೇ, ಕಾರ್ಖಾನೆಯಲ್ಲಿ.

ಹಿಂದಿನ ವರ್ಷ ಕೊನೆಗೆ ಬಂದದ್ದು ಸೋಡರ್‌ಟೆಲ್ಯೆ ತಂಡ. ಹಾಗಾಗಿ ಆ ಏಪ್ರಿಲಿನ ಮೊದಲ ಆಯ್ಕೆ ಡೆರಿಕ್‌ನದು. ಹೊಸಬರಲ್ಲಿ ಕ್ಯಾಲಮ್ ಎಂಬೊಬ್ಬ ಆಸ್ಟ್ರೇಲಿಯಾದವನಿದ್ದ. ಆರಡಿ ನಾಲ್ಕಂಗುಲ. ಐವತ್ತು ಮೀಟರಿನಿಂದ ಒದ್ದರೂ ಚೆಂಡು ಕಂಬಗಳ ನಡುವೆಯೇ ಹೋಗುತ್ತಿತ್ತು. ಅಂಥವನು ಈ ಲೀಗಿಗೆ ಅದುವರೆಗೂ ಬಂದಿರಲಿಲ್ಲ. ಬೀಗ ಹಾಕಿಕೊಂಡು ಹೋಗಲು ಇಂದುಮತಿ ಬಾಗಿಲ ಬಳಿ ಕಾಯುತ್ತ ನಿಂತಿದ್ದರು. ಡೆರಿಕ್ ಎದ್ದು ನಿಂತು, ಮೊದಲ ಆಯ್ಕೆಯನ್ನು ಸ್ಟಾಕ್‌ಹೋಮಿಗೆ ಬಿಟ್ಟುಕೊಡುತ್ತೇವೆ, ಬದಲಿಗೆ ಕೇಂದ್ರ ಮೈದಾನ ಮೂರು ವರ್ಷ ಇಲ್ಲೇ ಇರಲಿ ಎಂದ. ಸ್ಟಾಕ್‌ಹೋಮಿನವನು ತಮಾಷೆ ಎಂದುಕೊಂಡು ನಕ್ಕ. ಮತ್ತೊಮ್ಮೆ ಕೇಳಿದ. ಆಮೇಲೆ ಬನ್ನನ್ನು ತಟ್ಟೆಯಲ್ಲಿಟ್ಟು, ಬೇಗ ಬೇಗ ಕೈಕುಲುಕಿದ.

ಇಂದುಮತಿ ಪಾರ್ಕಿಂಗ್ ಜಾಗದಲ್ಲಿ ಡೆರಿಕ್‌ನನ್ನು ಹಿಡಿದು ನಿಲ್ಲಿಸಿದರು. ಬೇರೆ ಊರಿನ ಕನ್ನಡಿಗರ ನಡುವೆ ಅದುಮಿಟ್ಟುಕೊಂಡ ಅವರ ಬೈಂದೂರಿನ ಮಾತು ಸಿಟ್ಟು ಬಂದಾಗ ತಾನಾಗಿ ಹೊರಬರುತ್ತದೆ.

"ಎಂತ ಮಾಡ್ದೆ ಮಾರಾಯ ನೀನು? ನಾಲ್ಕು ಗೆರೆಗೋಸ್ಕರ ಅಂಥವನನ್ನ ಯಾರಾದ್ರೂ ಬಿಟ್ಟುಕೊಡ್ತಾರಾ?"

ಡೆರಿಕ್ ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸಿದ. ಕನ್ನಡದಲ್ಲಿ ಪದ ಹುಡುಕುತ್ತಿದ್ದನೇನೋ.

"ಆಂಟಿ, ಫಸ್ಟ್ ಪಿಕ್ ಪ್ರತಿ ವರ್ಷ ಯಾರಿಗಾದ್ರೂ ಸಿಗತ್ತೆ. ನೀವು ಯಾವ ಲಿಸ್ಟಲ್ಲೂ ಇಲ್ವಲ್ಲ."

ಇಂದುಮತಿ ತಮ್ಮ ಕಾರಿನಲ್ಲಿ ಕೂತು ಅತ್ತರು. ಅದನ್ನು ಮುಚ್ಚಿಡುವುದಿಲ್ಲ. ಈ ದೇಶದಲ್ಲಿ ಹದಿನಾರು ವರ್ಷ ಯಾರೂ ಕೇಳದ ಡಿಪ್ಲೊಮಾಕ್ಕೆ ಅವತ್ತು ಒಂದು ಬೆಲೆ ಕಟ್ಟಿದರು, ಅದೂ ಅಷ್ಟು ದೊಡ್ಡ ಬೆಲೆ ಎನ್ನುತ್ತಾರೆ. ಆದರೆ ಕೃತಜ್ಞತೆಯ ಹಿಂದೆಯೇ ಒಂದು ಸಂಕಟವೂ ಬಂದು ಕೂತಿತು. ನನಗೋಸ್ಕರ ಈ ಹುಡುಗರು ಸೋಲುತ್ತಾರಲ್ಲ ಎಂಬ ಸಂಕಟ.

ಸೋತರು, ಅದೂ ಚೆನ್ನಾಗಿಯೇ. ಒಂಬತ್ತು ಪಂದ್ಯಗಳಲ್ಲಿ ಗೆದ್ದದ್ದು ಒಂದು. ಕ್ಯಾಲಮ್ ಸ್ಟಾಕ್‌ಹೋಮಿಗಾಗಿ ನಲವತ್ತೊಂದು ಗೋಲು ಹೊಡೆದ. ಒಂದು ಶನಿವಾರ ಗೋಲು ಅಂಪೈರ್ ಬರಲಿಲ್ಲ. ಇನ್ನಾರೂ ಸಿಗದೆ ಇಂದುಮತಿಯವರನ್ನೇ ಬಿಳಿ ಕೋಟು ಹಾಕಿ ಕಂಬಗಳ ಹಿಂದೆ ನಿಲ್ಲಿಸಿದರು. ಗೋಲಾದಾಗ ಎರಡು ಬಾವುಟ ಎತ್ತಿ ಬೀಸಬೇಕು. ಅಂದು ಕ್ಯಾಲಮ್ ಅವರೆದುರಿಗೇ ಆರು ಗೋಲು ಹೊಡೆದ. ತಮ್ಮವರ ಮೇಲಾದ ಆರು ಗೋಲಿಗೂ ಇಂದುಮತಿ ತಮ್ಮ ಕೈಯಾರೆ ಬಾವುಟ ಬೀಸಿದರು. ಭಾಸ್ಕರ ಅವರು ಅಂದು ಕಾಫಿ ಫ್ಲಾಸ್ಕು ಹಿಡಿದು ಗೆರೆಯಾಚೆ ನಿಂತಿದ್ದರಂತೆ. ಮನೆಗೆ ಹೋದ ಮೇಲೆ, ಮೈದಾನದಲ್ಲಿ ಅಷ್ಟು ಪ್ರಾಮಾಣಿಕವಾಗಿ ಬಾವುಟ ಬೀಸಬೇಕಿತ್ತಾ ಎಂದು ಕೇಳಿ ಬೈಸಿಕೊಂಡರು.

ಸೆಪ್ಟೆಂಬರಿನಲ್ಲಿ ಫೈನಲ್ ಇಲ್ಲೇ ನಡೆಯಿತು. ಬೇರೆ ಎರಡು ಊರುಗಳ ಫೈನಲಿಗೆ ಇಂದುಮತಿ ಐದನೇ ಸಲ ಗೆರೆ ಹಾಕಿದರು. ಸ್ಟಾಕ್‌ಹೋಮ್ ಕಪ್ ಎತ್ತಿತು. ಹಾಗಾಗಿ ಮೊದಲ ಆಯ್ಕೆಗೆ ಬೆಲೆ ಇಲ್ಲವೆಂದು ಹೇಳುವಂತಿಲ್ಲ. ಪಡೆದವರಿಗೆ ಕಪ್ ಬಂತು, ಕೊಟ್ಟವರಿಗೆ ಕೊನೆಯ ಸ್ಥಾನ ಬಂತು. ಕೊಟ್ಟವರಲ್ಲಿ ಒಬ್ಬನೂ ಆ ವ್ಯಾಪಾರದ ಬಗ್ಗೆ ಕೊಂಕು ನುಡಿಯಲಿಲ್ಲ. ಪ್ರತಿ ಶನಿವಾರ ಬಂದು ಕೀ ಪುಸ್ತಕದಲ್ಲಿ ಹೆಸರು ಬರೆದರು, ಹೋಗುವಾಗ ಕಂಬ ಕೀಳಲು ಒಂದು ಕೈ ಹಾಕಿದರು. ಅವರ ಆ ಮೌನವೇ ಇಂದುಮತಿಯವರಿಗೆ ತಡೆಯಲಾಗದಷ್ಟು ಭಾರವಾಯಿತು.

ಕೊನೆಗೆ ಬಂದರೆ ಮೊದಲ ಆಯ್ಕೆ ಎಂಬ ನಿಯಮದಲ್ಲಿ ಒಂದು ಕರುಣೆಯಿದೆ. ಈ ವರ್ಷದ, ಎಂದರೆ ಎರಡು ಸಾವಿರದ ಹದಿನೇಳರ ಏಪ್ರಿಲಿನ ಮೊದಲ ಆಯ್ಕೆ ಮತ್ತೆ ಸೋಡರ್‌ಟೆಲ್ಯೆಯದಾಯಿತು. ತಂಡದವರೆಲ್ಲ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದರು. ಈ ಸಲ ಯಾರನ್ನು ಆರಿಸಬೇಕೆಂದು ಇಂದುಮತಿಯೇ ಹೇಳಲಿ. ಅವರಿಗೆ ಎಲ್ಲರೂ ಗೊತ್ತು, ಅವರ ಪುಸ್ತಕ ಸುಳ್ಳು ಹೇಳುವುದಿಲ್ಲ.

ಪೈಪೋಟಿ ಇದ್ದದ್ದು ಇಬ್ಬರ ನಡುವೆ. ಒಬ್ಬ ಆದಿ. ಇಪ್ಪತ್ತನಾಲ್ಕರವನು, ಸೋಡರ್‌ಟೆಲ್ಯೆಯಲ್ಲೇ ಬೆಳೆದವನು, ಔಷಧ ಕಂಪನಿಯಲ್ಲಿ ಕಾಯಂ ನೌಕರಿ. ಇಂದುಮತಿಯವರ ಆಪ್ತ ಗೆಳತಿ ಶೋಭನಾ ಅವರ ಮಗ. ಓಟ ಚೆನ್ನ, ಒದೆತ ಸಾಧಾರಣ, ಹತ್ತು ವರ್ಷ ಎಲ್ಲಿಗೂ ಹೋಗುವವನಲ್ಲ. ಇನ್ನೊಬ್ಬ ಆಂಗಸ್. ಆಸ್ಟ್ರೇಲಿಯಾದವನು, ಒಂದು ವರ್ಷದ ಸಂಶೋಧನೆಗೆ ಬಂದವನು. ಅಳತೆಯ ಟೇಪು ಹಿಡಿದು ಒದ್ದಂತೆ ಒದೆಯುತ್ತಾನೆ. ಆದರೆ ಅಕ್ಟೋಬರಿಗೆ ವೀಸಾ ಮುಗಿಯುತ್ತದೆ. ಬೀಗದ ಕೈ ಪುಸ್ತಕದ ಪ್ರಕಾರ ಉತ್ತರ ಎಲ್ಲರಿಗೂ ಗೊತ್ತಿತ್ತು. ಡೆರಿಕ್ ಚೀಟಿಯ ಮೇಲೆ ಆದಿಯ ಹೆಸರನ್ನು ಅರ್ಧ ಬರೆದೂ ಆಗಿತ್ತಂತೆ.

ಇಂದುಮತಿ ಆಂಗಸ್ ಎಂದರು.

ಡೆರಿಕ್‌ಗೆ ಅರ್ಥವಾಗಲಿಲ್ಲ. ಅವನು ಉಳಿಯುವುದಿಲ್ಲ, ನಿಮ್ಮ ಪುಸ್ತಕವೇ ಹಾಗೆ ಹೇಳುತ್ತದಲ್ಲ ಎಂದು ಸ್ವೀಡಿಷಿನಲ್ಲೇ ಕೇಳಿದ. ಇಂದುಮತಿ ಕನ್ನಡದಲ್ಲಿ ಉತ್ತರ ಕೊಟ್ಟರು.

"ಉಳಿಯೋಕೆ ನಾನಿದೀನಲ್ಲ. ನಿಮಗೀಗ ಬೇಕಾಗಿರೋದು ಗೋಲು ಹೊಡೆಯೋನು."

ಕ್ಲಬ್ ಮನೆಯಲ್ಲಿ ಅದನ್ನು ಅರ್ಥ ಮಾಡಿಕೊಂಡವನು ಡೆರಿಕ್ ಒಬ್ಬನೇ. ಅವನು ಉಳಿದವರಿಗೆ ಅನುವಾದಿಸಿ ಹೇಳಲು ಹೋಗಿ, ಅರ್ಧಕ್ಕೇ ನಿಲ್ಲಿಸಿ ಚೀಟಿ ಹರಿದುಹಾಕಿ ಹೊಸ ಹೆಸರು ಬರೆದ.

ಆದಿ ಮೂರನೆಯ ಸರತಿಯಲ್ಲಿ ಉಪ್ಸಾಲಾ ತಂಡದ ಪಾಲಾದ. ಈಗ ಪ್ರತಿ ಅಭ್ಯಾಸಕ್ಕೂ ಎರಡು ರೈಲು ಬದಲಾಯಿಸಬೇಕು. ಶೋಭನಾ ಅವರು ಇಂದುಮತಿಯವರ ಫೋನು ಎರಡು ವಾರ ಎತ್ತಲಿಲ್ಲ. ನಮ್ಮವರನ್ನು ಬಿಟ್ಟು ಆರು ತಿಂಗಳಿಗೆ ಹೋಗುವವನನ್ನು ಆರಿಸಿದಳು ಎಂದು ಕನ್ನಡ ಬಳಗ ತಡವಾಗಿ ಇಟ್ಟುಕೊಂಡಿದ್ದ ಯುಗಾದಿ ಊಟದಲ್ಲಿ ಒಂದಿಬ್ಬರು ಮೂಗು ಮುರಿದರು. ಇಂದುಮತಿ ಹೋಳಿಗೆ ಮಾಡಿಕೊಂಡು ಶೋಭನಾ ಅವರ ಮನೆಗೆ ಹೋಗಿ ಕೂತರು. ಏನು ಮಾತಾಯಿತೆಂದು ಇಬ್ಬರೂ ಹೇಳುವುದಿಲ್ಲ. ಹೋಳಿಗೆ ಖಾಲಿಯಾಯಿತು, ಮಾತು ಮತ್ತೆ ಶುರುವಾಯಿತು ಎಂಬುದು ಮಾತ್ರ ಗೊತ್ತು.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಈ ಸಾಲಿನ ಮೂರು ಪಂದ್ಯ ಮುಗಿದಿವೆ. ಸೋಡರ್‌ಟೆಲ್ಯೆ ಎರಡನ್ನು ಗೆದ್ದು ಒಂದನ್ನು ಸೋತಿದೆ. ಆಂಗಸ್ ಹದಿನೈದು ಗೋಲು ಹೊಡೆದಿದ್ದಾನೆ. ಅವನಿಗೆ ಈ ಕತೆಯೆಲ್ಲ ಅರ್ಧಂಬರ್ಧ ಗೊತ್ತಿದೆ. ಪ್ರತಿ ಶನಿವಾರ ಆಟಕ್ಕೆ ಮೊದಲು ಬಂದು ಇಂದುಮತಿಯವರಿಗೆ ಕೈ ಮುಗಿಯುತ್ತಾನೆ. ಯಾರು ಹೇಳಿಕೊಟ್ಟರೋ, ಎರಡೂ ಕೈಯನ್ನು ಹಣೆಯವರೆಗೆ ಎತ್ತಿ ದೇವರಿಗೆ ಮುಗಿದಂತೆ ಮುಗಿಯುತ್ತಾನೆ. ಅವರು ನಾಚಿ ಆಚೆ ತಿರುಗುತ್ತಾರೆ.

ಇಂದುಮತಿಯವರ ದಿನ ಸಂಜೆ ಆರಕ್ಕೆ ಮುಗಿಯುತ್ತದೆ. ಎಂ. ಟೆಕ್ ಮಾಡುತ್ತಿರುವ ಮಗಳು ಇಳಾ ಕಾರ್ಲ್‌ಸ್ಕ್ರೂನಾದಿಂದ ಫೋನು ಮಾಡಿ, ಗೆದ್ದರಾ ಎಂದು ಸ್ವೀಡಿಷಿನಲ್ಲಿ ಕೇಳುತ್ತಾಳೆ. ಅಮ್ಮ ಕನ್ನಡದಲ್ಲಿ ಹೇಳುತ್ತಾರೆ. ಅವರ ಮೊಬೈಲಿನ ಲೆಕ್ಕದಲ್ಲಿ ಇವತ್ತು ಹತ್ತೊಂಬತ್ತು ಸಾವಿರ ಹೆಜ್ಜೆ. ಮೈದಾನ ಇಲ್ಲಿರುವುದು ಇನ್ನೆರಡು ವರ್ಷ ಖಚಿತ, ಆಮೇಲಿನದು ಗೊತ್ತಿಲ್ಲ. ಆ ಬಗ್ಗೆ ಈಗಲೇ ಯಾಕೆ ಚಿಂತೆ ಎನ್ನುತ್ತಾರೆ. ಅವರ ಆಸೆ ಈ ಸೆಪ್ಟೆಂಬರಿನಷ್ಟೇ ದೂರದ್ದು. ಅದನ್ನು ಹೇಳಿಸಲು ನಾಲ್ಕು ಸಲ ಕೇಳಬೇಕಾಯಿತು. ನೀರಿನ ಪೈಪು ಹಿಡಿದು, ತಾವೇ ಹಾಕಿದ ಗೆರೆಯನ್ನು ತಾವೇ ತೊಳೆಯುತ್ತ, ಮುಖ ಎತ್ತದೆ ಹೇಳಿದರು:

"ಐದು ಫೈನಲಿಗೆ ಗೆರೆ ಹಾಕಿದೀನಿ. ಐದೂ ಬೇರೆಯವರದ್ದು. ನನ್ನನ್ನ ಉಳಿಸ್ಕೊಳ್ಳೋಕೆ ಹೋಗಿ ಸೋತ್ರು ಈ ಹುಡುಗ್ರು. ಒಂದ್ಸಲ, ಒಂದೇ ಒಂದ್ಸಲ ಅವರ ಫೈನಲಿಗೆ ನಾನು ಗೆರೆ ಹಾಕಬೇಕು. ಅದು ಬೆರಳಿನಷ್ಟು ಹೆಚ್ಚುಕಮ್ಮಿ ಬಂದ್ರೂ ಪರವಾಗಿಲ್ಲ."